ಒಂದೇ ಕುತ್ತಿಗೆಯಲ್ಲಿ ಎರಡು ಗೆಡ್ಡೆ: ಥೈರಾಯ್ಡ್ ಗಂಟಿನ ಹಿಂದೆ ಅಡಗುವ ಪ್ಯಾರಾಥೈರಾಯ್ಡ್

ಸಿರುಗುಪ್ಪ ಕಡೆಯ ಹಳ್ಳಿಯಿಂದ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಇವರು ಯಾರೋ ಒಬ್ಬ ನಿಜವಾದ ರೋಗಿಯಲ್ಲ, ವಿಷಯವನ್ನು ಬಿಡಿಸಿ ಹೇಳಲು ಕಟ್ಟಿಕೊಂಡ ಉದಾಹರಣೆ. ಕುತ್ತಿಗೆಯ ಬಲಭಾಗದಲ್ಲಿ ನಿಂಬೆಕಾಯಿ ಗಾತ್ರದ ಗಂಟು, ನೀರು ನುಂಗಿದಾಗ ಮೇಲಕ್ಕೆ ಸರಿದು ಕೆಳಕ್ಕೆ ಇಳಿಯುತ್ತದೆ. ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: "ಗಂಟು ಏನಂತ ತೋರ್ಸಾಕ ಬಂದೀನ್ರಿ ಡಾಕ್ಟ್ರೇ, ಮೈಕೈ ನೋವು ನಮ್ಮೂರ ನೀರಿಂದ್ರಿ." ಎರಡು ಬೇಸಿಗೆಗಳಲ್ಲಿ ಎರಡು ಸಲ ಮೂತ್ರಪಿಂಡದ ಹರಳಿನ ನೋವು ಬಂದು ಹೋಗಿದೆ. ಮಲಬದ್ಧತೆ ಇದೆ, ಸುಸ್ತು ಇದೆ, ಇತ್ತೀಚೆಗೆ ಮರೆವೂ ಹೆಚ್ಚಾಗಿದೆ ಎಂದು ಜೊತೆಗೆ ಬಂದ ಮಗಳು ಸೇರಿಸುತ್ತಾಳೆ.

ಪ್ರತಿಯೊಂದು ದೂರಿಗೂ ಕೈಗೆ ಸಿಗುವ ಕಾರಣವೊಂದು ಇಲ್ಲಿ ಸಿದ್ಧವಾಗಿಯೇ ಇದೆ. ಗಂಟು ಥೈರಾಯ್ಡಿನದು, ಕೀಲುನೋವು ಫ್ಲೋರೈಡ್ ನೀರಿನದು, ಹರಳು ಬಿಸಿಲಿನದು, ಸುಸ್ತು ಮತ್ತು ಮರೆವು ವಯಸ್ಸಿನದು. ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ನಿಜ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರಿಗೆ ನೀರು ಸಾಲದೆ ಹರಳಾಗುವುದೂ ನಿಜ. ಆದರೆ ಗಂಟನ್ನು ಬಿಟ್ಟು ಉಳಿದೆಲ್ಲ ದೂರುಗಳಿಗೆ ಒಂದೇ ಕಾರಣ ಇರಬಹುದು. ಆ ಕಾರಣ ಕುತ್ತಿಗೆಯಲ್ಲೇ, ಕೈಗೆ ಸಿಕ್ಕ ಗಂಟಿನ ಆಸುಪಾಸಿನಲ್ಲೇ, ಕೈಗೆ ಸಿಗದ ಇನ್ನೊಂದು ಗೆಡ್ಡೆಯಾಗಿ ಕೂತಿರಬಹುದು. ಥೈರಾಯ್ಡ್ ಮತ್ತು ಪ್ಯಾರಾಥೈರಾಯ್ಡ್ ಎರಡರಲ್ಲೂ ಏಕಕಾಲಕ್ಕೆ ಗೆಡ್ಡೆ ಇರುವ ಸ್ಥಿತಿ ಇದು. ಇದರ ಪತ್ತೆಯಲ್ಲಿ ಎಡವುವುದು ಬಹುತೇಕ ಒಂದೇ ಕಾರಣಕ್ಕೆ: ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ನಿಂತುಬಿಡುತ್ತದೆ.

ಎರಡು ಗ್ರಂಥಿಗಳಿಗೂ ಹೆಸರಿನಲ್ಲಿ ನಂಟಿದೆ, ಕೆಲಸದಲ್ಲಿ ನಂಟಿಲ್ಲ. ಥೈರಾಯ್ಡ್ ಶ್ವಾಸನಾಳದ ಮುಂದೆ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಕೂತಿರುವ, ಸುಮಾರು 20 ಗ್ರಾಂ ತೂಗುವ ಗ್ರಂಥಿ. ದೇಹದ ಚಯಾಪಚಯದ ವೇಗವನ್ನು ಅದು ನಿರ್ಧರಿಸುತ್ತದೆ. ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡಿನ ಪಕ್ಕದ್ದು ಎಂದಷ್ಟೇ ಅರ್ಥ. ಇವು ಸಾಮಾನ್ಯವಾಗಿ ನಾಲ್ಕು, ಥೈರಾಯ್ಡಿನ ಬೆನ್ನಿಗೆ ಎರಡು ಬಲಕ್ಕೆ, ಎರಡು ಎಡಕ್ಕೆ. ಒಂದೊಂದರ ತೂಕ 30ರಿಂದ 50 ಮಿಲಿಗ್ರಾಂ. ಗಾತ್ರ, ಚಪ್ಪಟೆ ಆಕಾರ, ಹಳದಿ-ಕಂದು ಬಣ್ಣ ಎಲ್ಲವನ್ನೂ ಸೇರಿಸಿ ಹೇಳುವುದಾದರೆ ಒಂದು ತೊಗರಿಬೇಳೆಯಷ್ಟು. ಸುತ್ತಲಿನ ಕೊಬ್ಬೂ ಹಳದಿಯೇ ಆದ್ದರಿಂದ, ಕುತ್ತಿಗೆ ತೆರೆದ ಶಸ್ತ್ರವೈದ್ಯರು ಕಡಲೆಹಿಟ್ಟಿನಲ್ಲಿ ಬಿದ್ದ ಬೇಳೆಯನ್ನು ಹುಡುಕುವಂತೆ ಇವನ್ನು ಹುಡುಕಬೇಕಾಗುತ್ತದೆ. ಮನುಷ್ಯದೇಹದ ಅಂಗಗಳಲ್ಲಿ ಇಷ್ಟು ತಡವಾಗಿ ಕಣ್ಣಿಗೆ ಬಿದ್ದದ್ದು ಬೇರೆ ಇರಲಿಕ್ಕಿಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಭಾರತೀಯ ಘೇಂಡಾಮೃಗವೊಂದನ್ನು 1850ರ ಸುಮಾರಿಗೆ ಕೊಯ್ದು ನೋಡಿದ ರಿಚರ್ಡ್ ಓವನ್ ಅದರಲ್ಲಿ ಈ ಗ್ರಂಥಿಯನ್ನು ಗುರುತಿಸಿದ್ದರು. ಮನುಷ್ಯರಲ್ಲಿ ಇದನ್ನು ಸರಿಯಾಗಿ ವಿವರಿಸಿ 1880ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಉಪ್ಸಲಾದ ಈವರ್ ಸ್ಯಾಂಡ್‌ಸ್ಟ್ರಾಮ್.

ಈ ನಾಲ್ಕು ಬೇಳೆಗಳ ಕೆಲಸ ಒಂದೇ, ರಕ್ತದ ಕ್ಯಾಲ್ಸಿಯಂ ಕಾಯುವುದು. ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಇವು ಪ್ಯಾರಾಥೈರಾಯ್ಡ್ ಹಾರ್ಮೋನನ್ನು, ಅಂದರೆ ಪಿಟಿಎಚ್ ಅನ್ನು ಸುರಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ವಿಟಮಿನ್ ಡಿಯನ್ನು ಚುರುಕಾಗಿಸಿ ಕರುಳಿನಿಂದ ಹೀರಿಕೊಳ್ಳುವಂತೆ ಮಾಡುತ್ತದೆ. ನಾಲ್ಕರಲ್ಲಿ ಒಂದು ಬೆಳೆದು ಗೆಡ್ಡೆಯಾಗಿ (ಬಹುಪಾಲು ಇದು ಕ್ಯಾನ್ಸರ್ ಅಲ್ಲದ ಅಡಿನೋಮಾ) ಯಾರ ಮಾತನ್ನೂ ಕೇಳದೆ ಪಿಟಿಎಚ್ ಸುರಿಸತೊಡಗಿದರೆ, ಮೂಳೆ ಸವೆಯುತ್ತದೆ, ಮೂತ್ರದಲ್ಲಿ ಹರಳು ಕಟ್ಟುತ್ತದೆ, ಹೊಟ್ಟೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಸಿರುಗುಪ್ಪದ ಆ ತಾಯಿಯ ದೂರುಗಳ ಪಟ್ಟಿಯನ್ನು ಈಗ ಇನ್ನೊಮ್ಮೆ ಓದಿಕೊಳ್ಳಬಹುದು.

ಎರಡೂ ಗೆಡ್ಡೆಗಳು ಒಟ್ಟಿಗೆ ಇರುವುದು ಎಷ್ಟು ಸಾಮಾನ್ಯ ಎಂಬ ಪ್ರಶ್ನೆಗೆ ಉತ್ತರ, ಯಾವ ತುದಿಯಿಂದ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಪ್ಯಾರಾಥೈರಾಯ್ಡ್ ಕಾಯಿಲೆ ಇದೆಯೆಂದು ಗೊತ್ತಾದವರ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದರೆ ನಾಲ್ಕರಲ್ಲಿ ಒಬ್ಬರಿಂದ ಹಿಡಿದು ಅರ್ಧದಷ್ಟು ಜನರವರೆಗೆ ಥೈರಾಯ್ಡ್ ಗಂಟು ಕಾಣುತ್ತದೆಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಇದರಲ್ಲಿ ಆಶ್ಚರ್ಯವಿಲ್ಲ, ವಯಸ್ಕರಲ್ಲಿ ಥೈರಾಯ್ಡ್ ಗಂಟು ಅಷ್ಟೇ ಸಾಮಾನ್ಯ, ಎರಡೂ ಕಾಯಿಲೆಗಳು ನಡುವಯಸ್ಸು ದಾಟಿದ ಹೆಂಗಸರಲ್ಲೇ ಹೆಚ್ಚು. ಥೈರಾಯ್ಡ್ ಗಂಟುಗಳಲ್ಲಿ ಸುಮಾರು 5ರಿಂದ 10 ಶೇಕಡ ಮಾತ್ರ ಕ್ಯಾನ್ಸರ್ ಆಗಿರುತ್ತವೆ. ಎದುರು ತುದಿಯಿಂದ, ಅಂದರೆ ಥೈರಾಯ್ಡ್ ಗಂಟಿಗೆಂದು ಬಂದವರಲ್ಲಿ ನೋಡಿದರೆ, ಪ್ಯಾರಾಥೈರಾಯ್ಡ್ ಗೆಡ್ಡೆ ಸಿಗುವುದು ನೂರರಲ್ಲಿ ಕೆಲವೇ ಮಂದಿಯಲ್ಲಿ. ಹೆಚ್ಚಿನವರಲ್ಲಿ ಇದು ಕಾಕತಾಳೀಯ. ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಎರಡೂ ಗ್ರಂಥಿಗಳಲ್ಲಿ ಗೆಡ್ಡೆಯ ಸಂಭವ ಏರುತ್ತದೆ. ಸ್ವಲ್ಪ ಮಂದಿಯಲ್ಲಿ ಮಾತ್ರ ವಂಶವಾಹಿಯ ದೋಷ ಇರುತ್ತದೆ. ಆ ಸ್ವಲ್ಪ ಮಂದಿಯ ವಿಚಾರ ತುಂಬ ಗಂಭೀರವಾದ್ದರಿಂದ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಪತ್ತೆಯ ಕೆಲಸದಲ್ಲಿ ಮೊದಲು ತಿಳಿಯಬೇಕಾದದ್ದು, ಈ ಎರಡು ಗೆಡ್ಡೆಗಳನ್ನು ಹಿಡಿಯುವ ದಾರಿಗಳೇ ಬೇರೆ ಎಂಬುದು. ಥೈರಾಯ್ಡ್ ಗೆಡ್ಡೆಯನ್ನು ಹಿಡಿಯುವುದು ಕೈ, ಸ್ಕ್ಯಾನಿಂಗ್ (ಅಂದರೆ ಅಲ್ಟ್ರಾಸೌಂಡ್) ಮತ್ತು ಸೂಜಿ. ರಕ್ತಪರೀಕ್ಷೆ ಗ್ರಂಥಿಯ ಕೆಲಸ ಹೇಗಿದೆ ಎಂದು ಹೇಳುತ್ತದೆಯೇ ಹೊರತು ಗಂಟಿನ ಗುಣವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಪ್ಯಾರಾಥೈರಾಯ್ಡ್ ಕಾಯಿಲೆಯನ್ನು ಹಿಡಿಯುವುದು ರಕ್ತ. ಸ್ಕ್ಯಾನ್‌ಗಳ ಕೆಲಸ ಗೆಡ್ಡೆ ಎಲ್ಲಿದೆ ಎಂದು ಶಸ್ತ್ರವೈದ್ಯರಿಗೆ ತೋರಿಸುವುದಷ್ಟೇ. ಸ್ಕ್ಯಾನಿನಲ್ಲಿ ಗೆಡ್ಡೆ ಕಾಣಲಿಲ್ಲವೆಂದು ಪ್ಯಾರಾಥೈರಾಯ್ಡ್ ಕಾಯಿಲೆ ಇಲ್ಲವೆನ್ನುವಂತಿಲ್ಲ, ಏನೋ ಕಂಡಿತೆಂದು ಕಾಯಿಲೆ ಇದೆಯೆನ್ನುವಂತೆಯೂ ಇಲ್ಲ. ಕುತ್ತಿಗೆಯ ಗಂಟಿಗೆಂದು ಬಂದವರಿಗೆ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಥೈರಾಯ್ಡ್ ಅತಿಯಾದಾಗ ಇದು ಇಳಿಯುತ್ತದೆ) ಮತ್ತು ಸ್ಕ್ಯಾನಿಂಗ್ ಬರೆಯುವುದು ಎಲ್ಲ ಕಡೆ ರೂಢಿಯಲ್ಲಿದೆ. ಅದೇ ಚೀಟಿಯಲ್ಲಿ ಕ್ಯಾಲ್ಸಿಯಂ ಮತ್ತು ಆಲ್ಬುಮಿನ್ ಎಂಬ ಎರಡು ಅಗ್ಗದ ಪರೀಕ್ಷೆಗಳನ್ನೂ ಸೇರಿಸಬೇಕು, ಅದರಲ್ಲೂ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ತಪ್ಪಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಲ್ಬುಮಿನ್ ಏಕೆ? ರಕ್ತದ ಕ್ಯಾಲ್ಸಿಯಂನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಆಲ್ಬುಮಿನ್ ಮುಂತಾದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆಯೆಂದು ಕಾಣುತ್ತದೆ. ನಮ್ಮ ಉದಾಹರಣೆಯ ತಾಯಿಯ ವರದಿಯಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ 10.4 ಮಿಲಿಗ್ರಾಂ ಇದೆಯೆನ್ನಿ. ಪಕ್ಕದಲ್ಲಿ 8.5ರಿಂದ 10.5 ಎಂದು ಅಚ್ಚಾಗಿರುವುದರಿಂದ ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೆ ಅದೇ ಹಾಳೆಯ ಕೆಳಗೆ ಆಲ್ಬುಮಿನ್ 3.2 ಎಂದಿದೆ. ಲೆಕ್ಕ ಸರಳ: ಸಹಜ ಆಲ್ಬುಮಿನ್ ಎಂದು ಹಿಡಿಯುವ 4ರಲ್ಲಿ 3.2 ಕಳೆದು, ಉಳಿದ 0.8ನ್ನು 0.8ರಿಂದ ಗುಣಿಸಿದರೆ 0.64; ಅದನ್ನು 10.4ಕ್ಕೆ ಕೂಡಿಸಿದರೆ 11ಕ್ಕೂ ತುಸು ಹೆಚ್ಚು. ಹಾಳೆಯ ಮೇಲೆ ಸಹಜವೆಂದು ಕಂಡ ಕ್ಯಾಲ್ಸಿಯಂ ನಿಜದಲ್ಲಿ ಏರಿದೆ. ಈ ಲೆಕ್ಕವೂ ಅಂದಾಜಿನದೇ. ಅನುಮಾನ ಉಳಿದರೆ ಅಯಾನೀಕೃತ ಕ್ಯಾಲ್ಸಿಯಂ ಅನ್ನು, ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವುದನ್ನು, ನೇರವಾಗಿ ಅಳೆಯಬೇಕು.

ಕ್ಯಾಲ್ಸಿಯಂ ಏರಿದೆಯೆಂದು ಗೊತ್ತಾದ ಮೇಲೆ ಮುಂದಿನ ಪರೀಕ್ಷೆ ಪಿಟಿಎಚ್. ಇಲ್ಲಿ ಅತಿ ಹೆಚ್ಚು ತಪ್ಪಾಗುವ ಓದು ಒಂದಿದೆ. ಪಿಟಿಎಚ್‌ನ ಸಹಜ ಮಿತಿ ಮಿಲಿಲೀಟರಿಗೆ ಸುಮಾರು 15ರಿಂದ 65 ಪಿಕೋಗ್ರಾಂ. ಒಬ್ಬರ ಕ್ಯಾಲ್ಸಿಯಂ 11.2, ಪಿಟಿಎಚ್ 52 ಎಂದು ಬಂದರೆ, ಪಿಟಿಎಚ್ ನಾರ್ಮಲ್ ಇದೆ, ಪ್ಯಾರಾಥೈರಾಯ್ಡಿಗೆ ಏನೂ ಆಗಿಲ್ಲ ಎಂದು ಹೇಳಿ ಕಳಿಸುವುದುಂಟು. ತುಂಗಭದ್ರಾ ಕಾಲುವೆಯ ನೀರು ಉಣಿಸುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆ ತುಂಬಿ ಬದು ಮೀರಿ ಹರಿಯುತ್ತಿರುವಾಗ ತೂಬು ಪೂರ್ತಿ ಮುಚ್ಚಿರಬೇಕು. ಆಗಲೂ ತೂಬು ಅರ್ಧ ತೆರೆದಿದ್ದರೆ, ಬೇರೆ ದಿನಗಳಲ್ಲಿ ಅರ್ಧ ತೆರೆದಿರುವುದು ಸಹಜವೇ ಆದರೂ, ಇವತ್ತು ತೂಬು ಕೆಟ್ಟಿದೆ ಎಂದೇ ಅರ್ಥ. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಅಡಗಿ ಹೋಗಬೇಕು. ಅಡಗದೆ ಸಹಜ ಮಿತಿಯ ನಡುವೆ ನಿಂತಿದ್ದರೂ ಅದು ಅಸಹಜವೇ. ಇದಕ್ಕೆ ವಿರುದ್ಧವಾಗಿ ಕ್ಯಾಲ್ಸಿಯಂ ಏರಿದ್ದು ಪಿಟಿಎಚ್ ನಿಜಕ್ಕೂ ತಳ ಕಂಡಿದ್ದರೆ ದೋಷ ಬೇರೆಡೆ ಇದೆ: ಮೂಳೆಗೆ ಹರಡಿದ ಕ್ಯಾನ್ಸರ್, ಮಿತಿ ಮೀರಿ ಚುಚ್ಚಿಸಿಕೊಂಡ ವಿಟಮಿನ್ ಡಿ, ಕ್ಷಯದಂತಹ ಗ್ರಾನ್ಯುಲೋಮಾ ಕಾಯಿಲೆ ಅಥವಾ ಥೈರಾಯ್ಡಿನದೇ ಅತಿಚಟುವಟಿಕೆ. ಕೊನೆಯದನ್ನು ನೆನಪಿಡಬೇಕು. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಮೂಳೆ ಬೇಗ ಕರಗಿ ಕ್ಯಾಲ್ಸಿಯಂ ತುಸು ಏರುತ್ತದೆ. ಆದ್ದರಿಂದ ಥೈರಾಯ್ಡ್ ಗಂಟು ಮತ್ತು ಏರಿದ ಕ್ಯಾಲ್ಸಿಯಂ ಒಟ್ಟಿಗಿದ್ದ ಮಾತ್ರಕ್ಕೆ ಎರಡು ಗೆಡ್ಡೆ ಎನ್ನಲಾಗದು, ಟಿಎಸ್‌ಎಚ್ ಮತ್ತು ಪಿಟಿಎಚ್ ಎರಡನ್ನೂ ನೋಡಿಯೇ ಹೇಳಬೇಕು.

ಕ್ಯಾಲ್ಸಿಯಂ ಸಹಜವಾಗಿದ್ದು ಪಿಟಿಎಚ್ ಮಾತ್ರ ಏರಿದ್ದರೆ ಅವಸರ ಬೇಡ. ಇಷ್ಟು ಬಿಸಿಲು ಬೀಳುವ ನಾಡಿನಲ್ಲೂ ವಿಟಮಿನ್ ಡಿ ಕೊರತೆ ಸಾಮಾನ್ಯ, ಕೊರತೆಯಿದ್ದಾಗ ಆರೋಗ್ಯವಾದ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಹೆಚ್ಚು ಕೆಲಸ ಮಾಡುತ್ತವೆ. ಮೂತ್ರಪಿಂಡ ಸೋತಾಗಲೂ ಹಾಗೆಯೇ. ಇನ್ನೊಂದು ಸೂಕ್ಷ್ಮವಿದೆ: ಗೆಡ್ಡೆ ನಿಜವಾಗಿಯೂ ಇದ್ದು ಜೊತೆಗೆ ವಿಟಮಿನ್ ಡಿ ಕೊರತೆಯೂ ಇದ್ದರೆ, ಕೊರತೆಯು ಕ್ಯಾಲ್ಸಿಯಂ ಅನ್ನು ಕೆಳಗೆಳೆದು ಗೆಡ್ಡೆಯನ್ನು ಮರೆಮಾಚುತ್ತದೆ. ವೈದ್ಯರ ನಿಗಾದಲ್ಲಿ ಕೊರತೆಯನ್ನು ನಿಧಾನವಾಗಿ ತುಂಬಿ ಮತ್ತೆ ಅಳೆದಾಗ ಅದು ಹೊರಬೀಳುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಮತ್ತು ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಮಾತ್ರೆ ಕೂಡ ಕ್ಯಾಲ್ಸಿಯಂ ಏರಿಸಬಲ್ಲವು. ಕುಟುಂಬದಲ್ಲೇ ಬರುವ, ಗೆಡ್ಡೆಯಿಲ್ಲದೆ ಕ್ಯಾಲ್ಸಿಯಂ ಏರಿರುವ ನಿರುಪದ್ರವಿ ಸ್ಥಿತಿಯೊಂದಿದೆ. ಅದನ್ನು ಬೇರ್ಪಡಿಸಲು 24 ಗಂಟೆಯ ಮೂತ್ರ ಸಂಗ್ರಹಿಸಿ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಅಳೆಯುತ್ತಾರೆ. ಅದರಲ್ಲಿ ಮೂತ್ರದ ಕ್ಯಾಲ್ಸಿಯಂ ತೀರ ಕಡಿಮೆ ಇರುತ್ತದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ಈ ಪರೀಕ್ಷೆಗಳನ್ನು ಎಷ್ಟು ನಂಬಬಹುದು ಎಂಬುದು ರಕ್ತ ತೆಗೆಯುವ ಐದು ನಿಮಿಷದಲ್ಲಿ ನಿರ್ಧಾರವಾಗುತ್ತದೆ ಎಂದರೆ ಹೆಚ್ಚಿನ ಮಾತಲ್ಲ. ರಟ್ಟೆಗೆ ಪಟ್ಟಿ ಬಿಗಿದು ನರ ಸಿಗಲಿಲ್ಲವೆಂದು ಬಹಳ ಹೊತ್ತು ಹಾಗೆಯೇ ಬಿಟ್ಟರೆ ಒಟ್ಟು ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಆ ಟ್ಯೂಬಿನ ರಕ್ತದಲ್ಲಿ ಕ್ಯಾಲ್ಸಿಯಂ ಅಳೆಯುವಂತಿಲ್ಲ. ಆದರೆ ಪಿಟಿಎಚ್ ಹೆಚ್ಚು ಹೊತ್ತು ಕೆಡದೆ ಉಳಿಯುವುದು ಅದೇ ನೇರಳೆ ಟ್ಯೂಬಿನಲ್ಲಿ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನ ಸೀರಂನಲ್ಲಿ, ಅದೂ ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಮೇಜಿನ ಮೇಲೆ ಇಟ್ಟರೆ, ಪಿಟಿಎಚ್ ಒಡೆದು ಸಂಖ್ಯೆ ಇಳಿಯುತ್ತದೆ. ಸಣ್ಣ ಊರಿನ ಸಂಗ್ರಹ ಕೇಂದ್ರದಿಂದ ಮಾದರಿಯು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದಾದರೆ, ಅದನ್ನು ಯಾವ ಟ್ಯೂಬಿನಲ್ಲಿ ತೆಗೆದಿದ್ದಾರೆ, ಐಸ್ ಪ್ಯಾಕ್ ಇಟ್ಟಿದ್ದಾರೆಯೇ ಎಂದು ಕೇಳುವುದು ರೋಗಿಯ ಹಕ್ಕು. ಕ್ಯಾಲ್ಸಿಯಂ ಒಂದು ತಿಂಗಳದ್ದು, ಪಿಟಿಎಚ್ ಇನ್ನೊಂದು ತಿಂಗಳದ್ದು ಇಟ್ಟುಕೊಂಡು ಹೋಲಿಸುವುದರಲ್ಲೂ ಅರ್ಥವಿಲ್ಲ, ಎರಡೂ ಒಂದೇ ಚುಚ್ಚಿನ ರಕ್ತದ್ದಾಗಿರಬೇಕು. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಕೆಲವು ಯಂತ್ರಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ಮತ್ತು ಪಿಟಿಎಚ್ ಸುಳ್ಳಾಗಿ ಇಳಿದು, ಟಿ4 ಎಂಬ ಥೈರಾಯ್ಡ್ ಹಾರ್ಮೋನು ಸುಳ್ಳಾಗಿ ಏರಿ ಕಾಣುತ್ತದೆ. ಎರಡೂ ಗ್ರಂಥಿಗಳ ಲೆಕ್ಕವನ್ನು ಒಂದೇ ಮಾತ್ರೆ ಕೆಡಿಸಿದಂತಾಯಿತು.

ಇನ್ನು ಥೈರಾಯ್ಡ್ ಕಡೆಯ ದಾರಿ ಹೆಚ್ಚು ಪರಿಚಿತ. ಟಿಎಸ್‌ಎಚ್ ಕಡಿಮೆ ಇದ್ದರೆ ಗಂಟೇ ಹಾರ್ಮೋನು ಸುರಿಸುತ್ತಿದೆಯೇ ಎಂದು ವಿಕಿರಣ ಸ್ಕ್ಯಾನ್ ಮಾಡಿಸುತ್ತಾರೆ. ಸಹಜ ಅಥವಾ ಹೆಚ್ಚು ಇದ್ದರೆ ಸ್ಕ್ಯಾನಿಂಗಿನ ಚಿತ್ರವನ್ನು ನೋಡಿ ಟೈರಾಡ್ಸ್ ಎಂಬ 1ರಿಂದ 5ರ ಶ್ರೇಣಿ ಕೊಡುತ್ತಾರೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ, ಅಂಚು ಒಡೆದಿರುವ, ಒಳಗೆ ಸಣ್ಣ ಸುಣ್ಣದ ಚುಕ್ಕೆಗಳಿರುವ ಗಂಟು ಅನುಮಾನದ್ದು. 5ನೇ ಶ್ರೇಣಿಯ ಗಂಟು 1 ಸೆಂಟಿಮೀಟರ್ ಮುಟ್ಟಿದರೆ, 4ನೆಯದು 1.5 ಮುಟ್ಟಿದರೆ, 3ನೆಯದು 2.5 ಮುಟ್ಟಿದರೆ ಸೂಜಿ ಪರೀಕ್ಷೆ. ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಬೆಥೆಸ್ಡಾ ಪದ್ಧತಿಯಂತೆ ಆರು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಎರಡನೆಯದು ನಿರುಪದ್ರವಿ, ಆರನೆಯದು ಬಹುತೇಕ ಖಚಿತವಾಗಿ ಕ್ಯಾನ್ಸರ್. ಈ ಲೇಖನಕ್ಕೆ ಮುಖ್ಯವಾದದ್ದು ನಾಲ್ಕನೆಯದು, ಫಾಲಿಕ್ಯುಲರ್ ನಿಯೋಪ್ಲಾಸಂ (ಥೈರಾಯ್ಡ್ ಹಾರ್ಮೋನು ತಯಾರಿಸುವ ಫಾಲಿಕ್ಯುಲರ್ ಜೀವಕೋಶಗಳ ಗೆಡ್ಡೆ) ಎಂಬ ವರ್ಗ, ಏಕೆಂದರೆ ಎರಡು ದಾರಿಗಳು ಡಿಕ್ಕಿ ಹೊಡೆಯುವುದು ಅಲ್ಲಿ.

ಸೂಕ್ಷ್ಮದರ್ಶಕದ ಕೆಳಗೆ ಪ್ಯಾರಾಥೈರಾಯ್ಡ್ ಗೆಡ್ಡೆಯ ಜೀವಕೋಶಗಳು ಥೈರಾಯ್ಡಿನ ಫಾಲಿಕ್ಯುಲರ್ ಜೀವಕೋಶಗಳನ್ನು ಹೋಲುತ್ತವೆ. ಗುಂಡಗಿನ ಸಣ್ಣ ಕೋಶಕೇಂದ್ರಗಳು, ಕೆಲವೊಮ್ಮೆ ಅದೇ ತರಹದ ಗುಂಡು ಜೋಡಣೆ, ಅಪರೂಪಕ್ಕೆ ಥೈರಾಯ್ಡಿನೊಳಗಿನ ಅಂಟು ದ್ರವವಾದ ಕೊಲಾಯ್ಡಿನಂಥ ವಸ್ತುವೂ. ಸೂಜಿ ಹಾಕಿದವರು ಚೀಟಿಯಲ್ಲಿ "ಥೈರಾಯ್ಡ್ ಗಂಟು" ಎಂದು ಬರೆದು ಕಳಿಸಿದ್ದರೆ, ಸ್ಲೈಡ್ ನೋಡುವ ಪೆಥಾಲಜಿಸ್ಟರು ಅದನ್ನು ಥೈರಾಯ್ಡ್ ಎಂದೇ ಓದುವುದು ತೀರ ಸಹಜ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ಅಥವಾ ನೂರರಲ್ಲಿ ಒಂದೆರಡರಂತೆ ಥೈರಾಯ್ಡಿನ ಒಳಗೇ ಹುದುಗಿದ ಪ್ಯಾರಾಥೈರಾಯ್ಡ್ ಗೆಡ್ಡೆ ಹೀಗೆ ಥೈರಾಯ್ಡ್ ಗಂಟಿನ ಹೆಸರಿನಲ್ಲಿ ದಾಖಲಾಗಿಬಿಡುತ್ತದೆ. ಬಿಡಿಸುವ ಉಪಾಯ ಸರಳವಾಗಿದೆ. ಸ್ಲೈಡ್ ಮಾಡಿದ ಮೇಲೆ ಸೂಜಿಯಲ್ಲಿ ಉಳಿದದ್ದನ್ನು ಸ್ವಲ್ಪ ಸಲೈನಿನಲ್ಲಿ ತೊಳೆದು, ಆ ತೊಳೆದ ನೀರಿನಲ್ಲಿ ಪಿಟಿಎಚ್ ಅಳೆಯುವುದು. ಪ್ಯಾರಾಥೈರಾಯ್ಡ್ ಆಗಿದ್ದರೆ ಸಂಖ್ಯೆ ರಕ್ತದ್ದಕ್ಕಿಂತ ಎಷ್ಟೋ ಪಟ್ಟು ಮೇಲಿರುತ್ತದೆ, ಅನೇಕ ವೇಳೆ ಸಾವಿರ ದಾಟುತ್ತದೆ. ಥೈರಾಯ್ಡ್ ಆಗಿದ್ದರೆ ಏನೂ ಇರುವುದಿಲ್ಲ. ಜೀವಕೋಶಗಳಿಗೆ ವಿಶೇಷ ಬಣ್ಣ ಹಾಕಿಯೂ ಬೇರ್ಪಡಿಸಬಹುದು: ಥೈರೊಗ್ಲಾಬ್ಯುಲಿನ್ ಮತ್ತು ಟಿಟಿಎಫ್-1 ಎಂಬ ಪ್ರೋಟೀನುಗಳ ಬಣ್ಣ ಹಿಡಿದರೆ ಥೈರಾಯ್ಡ್, ಪಿಟಿಎಚ್ ಮತ್ತು ಗಾಟಾ-3 ಎಂಬ ಪ್ರೋಟೀನಿನ ಬಣ್ಣ ಹಿಡಿದರೆ ಪ್ಯಾರಾಥೈರಾಯ್ಡ್. ಹಾಗೆಂದು ರಕ್ತ ಮತ್ತು ಸ್ಕ್ಯಾನ್ ಎರಡೂ ಪ್ಯಾರಾಥೈರಾಯ್ಡ್ ಎಂದು ಹೇಳುತ್ತಿರುವಾಗ ಅದಕ್ಕೆ ಸೂಜಿ ಚುಚ್ಚುವ ಅಗತ್ಯವಿಲ್ಲ. ಚುಚ್ಚಿದ ಜಾಗ ಗಾಯಗಟ್ಟಿ ಶಸ್ತ್ರಚಿಕಿತ್ಸೆಯನ್ನು ಕಷ್ಟ ಮಾಡುತ್ತದೆ, ಕ್ಯಾನ್ಸರ್ ಆಗಿದ್ದರೆ ಜೀವಕೋಶಗಳು ಚೆಲ್ಲುವ ಭಯವೂ ಇದೆ.

ಪ್ಯಾರಾಥೈರಾಯ್ಡ್ ಕ್ಯಾನ್ಸರ್ ತೀರ ಅಪರೂಪ, ಈ ಗ್ರಂಥಿಯ ಕಾಯಿಲೆ ಇರುವವರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಕ್ಯಾಲ್ಸಿಯಂ 14 ದಾಟಿದ್ದರೆ, ಪಿಟಿಎಚ್ ಹಲವು ಪಟ್ಟು ಏರಿದ್ದರೆ, ಮತ್ತು ಗೆಡ್ಡೆ ಕೈಗೆ ಗಟ್ಟಿಯಾಗಿ ಸಿಕ್ಕರೆ ಅದನ್ನು ನೆನೆಯಬೇಕು. ಅಡಿನೋಮಾ ಸಾಮಾನ್ಯವಾಗಿ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಕೈಗೆ ಸಿಕ್ಕ ಗಂಟು ಬಹುತೇಕ ಥೈರಾಯ್ಡಿನದು.

ಸ್ಕ್ಯಾನಿಂಗ್ ಮಾಡುವವರಿಗೆ ಕ್ಯಾಲ್ಸಿಯಂ ಏರಿರುವ ವಿಷಯ ಗೊತ್ತಿದ್ದರೆ ಅವರು ನೋಡುವ ರೀತಿಯೇ ಬದಲಾಗುತ್ತದೆ. ಥೈರಾಯ್ಡಿನ ಒಳಗಿನ ಗಂಟಿಗಷ್ಟೇ ನಿಲ್ಲದೆ, ಅದರ ಬೆನ್ನಿಗೆ, ಕೆಳತುದಿಗೆ, ಎದೆಗೂಡಿನ ಬಾಯಿಯವರೆಗೆ ಹುಡುಕುತ್ತಾರೆ. ಪ್ಯಾರಾಥೈರಾಯ್ಡ್ ಗೆಡ್ಡೆ ಅಂಡಾಕಾರವಾಗಿ, ಸಮನಾಗಿ ಕಪ್ಪಾಗಿ, ಥೈರಾಯ್ಡಿನಿಂದ ಒಂದು ಬಿಳಿ ಗೆರೆಯಿಂದ ಬೇರ್ಪಟ್ಟು ಕಾಣುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಒಂದು ತುದಿಯಿಂದ ರಕ್ತನಾಳವೊಂದು ಒಳಹೋಗುವುದು ತಿಳಿಯುತ್ತದೆ. ಚೀಟಿಯಲ್ಲಿ ಏನನ್ನೂ ಬರೆಯದಿದ್ದರೆ ಇದೇ ಗೆಡ್ಡೆ ವರದಿಯಲ್ಲಿ "ಹಿಂಬದಿಯ ಥೈರಾಯ್ಡ್ ಗಂಟು" ಆಗಬಹುದು. ಥೈರಾಯ್ಡ್ ಕ್ಯಾನ್ಸರ್ ಇರುವವರಲ್ಲಾದರೆ ಕ್ಯಾನ್ಸರ್ ಹರಡಿದ "ದುಗ್ಧಗ್ರಂಥಿ" ಆಗಿಬಿಡಬಹುದು. ಒಂದು ಸಾಲಿನ ಮಾಹಿತಿ ಬರೆಯದೆ ಹೋದದ್ದಕ್ಕೆ ಕಾಯಿಲೆಯ ಹಂತವೇ ತಪ್ಪಾಗಿ ಲೆಕ್ಕವಾಗುವುದು ಹೀಗೆ.

ಸೆಸ್ಟಮಿಬಿ ಸ್ಕ್ಯಾನಿನದು ಬೇರೆ ತರಹದ ತೊಡಕು. ಟೆಕ್ನೀಷಿಯಂ ಸೇರಿಸಿದ ಸೆಸ್ಟಮಿಬಿ ಔಷಧವನ್ನು ನರಕ್ಕೆ ಚುಚ್ಚಿ 10-15 ನಿಮಿಷಕ್ಕೆ ಒಮ್ಮೆ, ಸುಮಾರು 2 ಗಂಟೆಗೆ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಔಷಧವನ್ನು ಎರಡೂ ಗ್ರಂಥಿಗಳು ಹೀರಿಕೊಳ್ಳುತ್ತವೆ, ಆದರೆ ಥೈರಾಯ್ಡ್ ಬೇಗ ಬಿಟ್ಟುಕೊಡುತ್ತದೆ. ಮೈಟೊಕಾಂಡ್ರಿಯಾ ತುಂಬಿದ ಪ್ಯಾರಾಥೈರಾಯ್ಡ್ ಗೆಡ್ಡೆ ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ಚಿತ್ರದಲ್ಲಿ ಉಳಿದ ಚುಕ್ಕೆಯೇ ಗೆಡ್ಡೆ ಎಂಬುದು ನಿಯಮ. ಥೈರಾಯ್ಡಿನಲ್ಲೂ ಗಂಟಿದ್ದರೆ ಈ ನಿಯಮ ಕೈಕೊಡುತ್ತದೆ, ಏಕೆಂದರೆ ಕೆಲವು ಥೈರಾಯ್ಡ್ ಗಂಟುಗಳು, ಮುಖ್ಯವಾಗಿ ಮೈಟೊಕಾಂಡ್ರಿಯಾ ತುಂಬಿದ ಹರ್ತಲ್ ಜೀವಕೋಶದವು ಮತ್ತು ಕೆಲವು ಕ್ಯಾನ್ಸರುಗಳು, ಅದೇ ಔಷಧವನ್ನು ಅಷ್ಟೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬಲಗಡೆಯ ಥೈರಾಯ್ಡ್ ಗಂಟು ಹೊಳೆಯುತ್ತಿರುವಾಗ, ಎಡಗಡೆಯ ನಿಜವಾದ ಪ್ಯಾರಾಥೈರಾಯ್ಡ್ ಗೆಡ್ಡೆ ಮಂಕಾಗಿ ಕಾಣುವುದುಂಟು. ಅದಕ್ಕೆ ಥೈರಾಯ್ಡ್ ಮಾತ್ರ ಹೀರುವ ಇನ್ನೊಂದು ಔಷಧವನ್ನು ಕೊಟ್ಟು, ಆ ಚಿತ್ರವನ್ನು ಈ ಚಿತ್ರದಿಂದ ಕಳೆಯುತ್ತಾರೆ. ಮೂರು ಆಯಾಮದ ಚಿತ್ರ ಕೊಡುವ ಸ್ಪೆಕ್ಟ್-ಸಿಟಿ ಸೇರಿಸಿ ಚುಕ್ಕೆ ಮುಂದಿದೆಯೋ ಹಿಂದಿದೆಯೋ ನೋಡುತ್ತಾರೆ. ಸ್ಕ್ಯಾನಿಂಗ್ ಮತ್ತು ಸೆಸ್ಟಮಿಬಿ ಒಂದೇ ಜಾಗವನ್ನು ತೋರಿಸಿದರೆ ನಂಬಬಹುದು. ಒಂದಕ್ಕೊಂದು ಹೊಂದದಿದ್ದರೆ ಫೋರ್-ಡಿ ಸಿಟಿ (ಬಣ್ಣ ಗೆಡ್ಡೆಗೆ ಸೇರಿ ಹೊರಹೋಗುವುದನ್ನು ಹಂತಹಂತವಾಗಿ ತೆಗೆಯುವ ಸಿಟಿ) ಅಥವಾ ಕೋಲೀನ್ ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಸಿಟಿಗೆ ಕೊಡುವ ಅಯೋಡಿನ್ ಬಣ್ಣದಿಂದ, ಮುಂದೆ ಥೈರಾಯ್ಡ್ ಕ್ಯಾನ್ಸರಿಗೆ ಬೇಕಾಗಬಹುದಾದ ವಿಕಿರಣ ಅಯೋಡಿನ್ ಚಿಕಿತ್ಸೆಯನ್ನು ಕೆಲವು ವಾರ ಮುಂದೂಡಬೇಕಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಎದೆಗೂಡಿನವರೆಗೆ ಹುಡುಕಬೇಕೆಂದು ಮೇಲೆ ಹೇಳಿದ್ದಕ್ಕೆ ಕಾರಣ ಭ್ರೂಣಾವಸ್ಥೆಯಲ್ಲಿದೆ. ಕೆಳಗಿನ ಜೋಡಿ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎದೆಯೊಳಗಿನ ಥೈಮಸ್ ಗ್ರಂಥಿಯ ಜೊತೆಗೆ ಹುಟ್ಟಿ ಅದರೊಂದಿಗೇ ಕೆಳಗಿಳಿಯುತ್ತವೆ; ಕೆಲವೊಮ್ಮೆ ನಿಲ್ಲಬೇಕಾದ ಕಡೆ ನಿಲ್ಲದೆ ಎದೆಯೊಳಗೇ ಹೋಗಿಬಿಡುತ್ತವೆ. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರ ಗೆಡ್ಡೆ ಸಿಕ್ಕಿದ್ದು 1932ರಲ್ಲಿ, ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ, ಎದೆಯೊಳಗೆ.

ಮೂಳೆಯ ವಿಚಾರದಲ್ಲಿ ಆಗುವ ತಪ್ಪು ಇನ್ನೂ ದುಬಾರಿಯದು. ಬಹುಕಾಲದಿಂದ ಪಿಟಿಎಚ್ ಏರಿರುವವರ ಮೂಳೆಗಳಲ್ಲಿ ಅಲ್ಲಲ್ಲಿ ಟೊಳ್ಳು ಬೀಳುತ್ತದೆ, ಅದಕ್ಕೆ ಬ್ರೌನ್ ಟ್ಯೂಮರ್ ಎನ್ನುತ್ತಾರೆ. ಹೆಸರಿನಲ್ಲಿ ಟ್ಯೂಮರ್ ಇದ್ದರೂ ಅದು ಗೆಡ್ಡೆಯಲ್ಲ; ಸವೆದ ಮೂಳೆಯ ಜಾಗದಲ್ಲಿ ರಕ್ತ ಒಸರಿ, ಕಂದುಗಟ್ಟಿದ ಅಂಗಾಂಶ. ಥೈರಾಯ್ಡ್ ಕ್ಯಾನ್ಸರ್ ಇದೆಯೆಂದು ಗೊತ್ತಾದವರ ತೊಡೆಮೂಳೆಯಲ್ಲಿ ಇಂಥ ಟೊಳ್ಳು ಕಂಡರೆ, ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ತೀರ್ಮಾನಿಸಿ ಬಿಡುವುದು ಬಹಳ ಸುಲಭ. ಹರಡಿದ ಕ್ಯಾನ್ಸರಿನಿಂದ ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ ಅಡಗಿರುತ್ತದೆ. ಬ್ರೌನ್ ಟ್ಯೂಮರ್ ಆಗಿದ್ದರೆ ಪಿಟಿಎಚ್ ಎತ್ತರದಲ್ಲಿರುತ್ತದೆ. ಮೂಳೆಯ ಬಯಾಪ್ಸಿಯಲ್ಲಿ ದೈತ್ಯಕೋಶಗಳ ಗೆಡ್ಡೆ ಎಂಬ ವರದಿ ಬಂದಾಗಲೂ ಮುಂದಿನ ಹೆಜ್ಜೆ ಇಡುವ ಮೊದಲು ಕ್ಯಾಲ್ಸಿಯಂ, ಪಿಟಿಎಚ್ ನೋಡಬೇಕು. ಪ್ಯಾರಾಥೈರಾಯ್ಡ್ ಗೆಡ್ಡೆ ತೆಗೆದರೆ ಆ ಟೊಳ್ಳುಗಳು ಕಾಲಕ್ರಮೇಣ ತಾವೇ ತುಂಬಿಕೊಳ್ಳುತ್ತವೆ.

ಫ್ಲೋರೋಸಿಸ್ (ಫ್ಲೋರೈಡ್ ನೀರಿನ ಕಾಯಿಲೆ) ಇರುವ ಊರುಗಳಲ್ಲಿ ಮೂಳೆಯನ್ನು ಓದುವುದಕ್ಕೆ ಇನ್ನೊಂದು ಕೀಲಿಯೂ ಇದೆ. ಫ್ಲೋರೈಡ್ ಮೂಳೆಯನ್ನು ದಟ್ಟಗೊಳಿಸುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಕಾಣುತ್ತದೆ. ಪ್ಯಾರಾಥೈರಾಯ್ಡ್ ಕಾಯಿಲೆ ಮೂಳೆಯನ್ನು ಸವೆಸುತ್ತದೆ. ಬೆರಳುಗಳ ನಡುಗೆಣ್ಣಿನ ಮೂಳೆಯ ಅಂಚು, ಹೆಬ್ಬೆರಳಿನ ಕಡೆಗಿರುವ ಬದಿಯಲ್ಲಿ, ಇಲಿ ಕಡಿದಂತೆ ಒರಟಾಗಿ ಕಾಣುತ್ತದೆ. ಕೈಯ ಒಂದು ಎಕ್ಸ್‌ರೇ ಎರಡನ್ನೂ ತೋರಿಸುತ್ತದೆ. ಮೂಳೆಯ ಚಟುವಟಿಕೆ ಹೇಳುವ ಅಲ್ಕಲೈನ್ ಫಾಸ್ಫಟೇಸ್ ರಕ್ತಪರೀಕ್ಷೆ ಮಾತ್ರ ಎರಡರಲ್ಲೂ ಏರಬಹುದಾದ್ದರಿಂದ ಅದರಿಂದ ತೀರ್ಮಾನಕ್ಕೆ ಬರಬಾರದು. ಫ್ಲೋರೋಸಿಸ್‌ನಲ್ಲಿ ಪಿಟಿಎಚ್ ಏರುವುದೂ ಉಂಟು, ಆಗ ಕ್ಯಾಲ್ಸಿಯಂ ಸಾಮಾನ್ಯವಾಗಿ ಏರಿರುವುದಿಲ್ಲ. "ನಮ್ಮೂರ ನೀರಿಂದ್ರಿ" ಎಂಬ ಮಾತು ಸರಿಯಿರಬಹುದು. ಅದು ಸರಿಯಿದ್ದೂ ಇನ್ನೊಂದು ಕಾಯಿಲೆ ಇರಬಹುದು.

ವಂಶವಾಹಿಯ ವಿಚಾರಕ್ಕೆ ಬರೋಣ. ಥೈರಾಯ್ಡಿನಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳ ನಡುವೆ ಕ್ಯಾಲ್ಸಿಟೋನಿನ್ ಸುರಿಸುವ ಸಿ ಜೀವಕೋಶಗಳಿವೆ. ಅವುಗಳಿಂದ ಹುಟ್ಟುವ ಮೆಡುಲರಿ ಕ್ಯಾನ್ಸರ್, ರೆಟ್ ಎಂಬ ಜೀನಿನ ದೋಷದಿಂದ ಕುಟುಂಬದಲ್ಲಿ ಹರಿದು ಬರಬಲ್ಲದು. ಮೆನ್-2ಎ ಎಂದು ಕರೆಯುವ ಈ ಸ್ಥಿತಿಯಲ್ಲಿ ಮೆಡುಲರಿ ಕ್ಯಾನ್ಸರ್ ಬಹುತೇಕ ಎಲ್ಲರಿಗೂ, ಪ್ಯಾರಾಥೈರಾಯ್ಡ್ ಕಾಯಿಲೆ ಸುಮಾರು 20ರಿಂದ 30 ಶೇಕಡ ಜನರಿಗೂ ಬರುತ್ತದೆ. ಮೂರನೆಯ ಪಾಲುದಾರನೇ ಅಪಾಯಕಾರಿ: ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಫಿಯೋಕ್ರೊಮೊಸೈಟೋಮಾ ಗೆಡ್ಡೆ. ಅದು ಗೊತ್ತಿಲ್ಲದೆ ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಆಕಾಶಕ್ಕೇರಿ ಪ್ರಾಣಕ್ಕೆ ಕುತ್ತು ಬರಬಹುದು. ಆದ್ದರಿಂದ ಎರಡೂ ಗೆಡ್ಡೆ ಒಟ್ಟಿಗೆ ಕಂಡಾಗ, ಅದರಲ್ಲೂ ರೋಗಿ ಚಿಕ್ಕವಯಸ್ಸಿನವರಾಗಿದ್ದರೆ ಅಥವಾ ಮನೆಯಲ್ಲಿ ಥೈರಾಯ್ಡ್ ಕ್ಯಾನ್ಸರ್, ಪದೇ ಪದೇ ಹರಳು, ಸಣ್ಣ ವಯಸ್ಸಿಗೇ ರಕ್ತದೊತ್ತಡ ಅಥವಾ ಹಠಾತ್ ಸಾವು ಆಗಿದ್ದರೆ, ಮೆಡುಲರಿ ಕ್ಯಾನ್ಸರ್ ಹಿಡಿಯುವ ರಕ್ತದ ಕ್ಯಾಲ್ಸಿಟೋನಿನ್ ಮತ್ತು ಅಡ್ರಿನಲ್ ಗೆಡ್ಡೆ ಹಿಡಿಯುವ ಮೆಟಾನೆಫ್ರಿನ್ ಪರೀಕ್ಷೆ ಮಾಡಿಸಬೇಕು. ಅಡ್ರಿನಲ್ ಗೆಡ್ಡೆ ಇದ್ದರೆ ಮೊದಲು ಅದನ್ನು ನಿಭಾಯಿಸಿ, ಕುತ್ತಿಗೆಯನ್ನು ಆಮೇಲೆ ಮುಟ್ಟಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಗಳು ನಡೆಯುವ ನಮ್ಮ ಕಡೆ ಈ ದೋಷ ಅದರಿಂದಲೇ ಬಂತೆಂದು ತಿಳಿಯುವವರಿದ್ದಾರೆ. ಅದು ಸರಿಯಲ್ಲ, ತಂದೆ ಅಥವಾ ತಾಯಿ ಒಬ್ಬರಲ್ಲಿ ದೋಷವಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ.

ಇಷ್ಟೆಲ್ಲ ಪತ್ತೆ ಮೊದಲೇ ಆಗಬೇಕೆನ್ನುವುದಕ್ಕೆ ಕಾರಣ, ಕುತ್ತಿಗೆಯನ್ನು ಎರಡನೇ ಸಲ ತೆರೆಯುವುದು ಮೊದಲ ಸಲದಷ್ಟು ಸುಲಭವಲ್ಲ ಎಂಬುದು. ಮೊದಲ ಶಸ್ತ್ರಚಿಕಿತ್ಸೆಯ ಕಲೆಗಟ್ಟಿದ ಅಂಗಾಂಶದಲ್ಲಿ ಧ್ವನಿಯ ನರ ಎಲ್ಲಿದೆಯೆಂದು ತಿಳಿಯುವುದು ಕಷ್ಟ. ಅದಕ್ಕೆ ಪೆಟ್ಟಾದರೆ ದನಿ ಕೆಡುತ್ತದೆ. ಎರಡೂ ಗೊತ್ತಿದ್ದರೆ ಒಂದೇ ಸಲಕ್ಕೆ ಎರಡನ್ನೂ ತೆಗೆಯಬಹುದು. ಪಿಟಿಎಚ್ ರಕ್ತದಲ್ಲಿ ಅರ್ಧಕ್ಕಿಳಿಯಲು ಕೆಲವೇ ನಿಮಿಷ ಸಾಕಾದ್ದರಿಂದ, ಗೆಡ್ಡೆ ತೆಗೆದ 10 ನಿಮಿಷಕ್ಕೆ ರಕ್ತ ತೆಗೆದು ನೋಡಿ, ಅರ್ಧಕ್ಕಿಂತ ಕೆಳಗಿಳಿದಿದ್ದರೆ ಸರಿಯಾದುದೇ ಹೊರಬಂದಿದೆ ಎಂದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ತಿಳಿಯುವ ವ್ಯವಸ್ಥೆ ದೊಡ್ಡ ಕೇಂದ್ರಗಳಲ್ಲಿದೆ. ಆ ಸೌಲಭ್ಯ ಇಲ್ಲದ ಕಡೆ ಫ್ರೋಜನ್ ಸೆಕ್ಷನ್ ಮಾಡಿ, ಅಂದರೆ ತುಣುಕನ್ನು ಹೆಪ್ಪುಗಟ್ಟಿಸಿ ಕೂಡಲೇ ಸೂಕ್ಷ್ಮದರ್ಶಕದಲ್ಲಿಟ್ಟು, ತೆಗೆದದ್ದು ಪ್ಯಾರಾಥೈರಾಯ್ಡೋ, ದುಗ್ಧಗ್ರಂಥಿಯೋ, ಬರೀ ಕೊಬ್ಬೋ ಎಂದು ನೋಡುತ್ತಾರೆ.

ರಕ್ತಪರೀಕ್ಷೆ, ಸ್ಕ್ಯಾನಿಂಗ್, ಸೂಜಿ ಪರೀಕ್ಷೆಗಳನ್ನು ಜಿಲ್ಲಾ ಕೇಂದ್ರದಲ್ಲೇ ಮುಗಿಸಿ, ಸೆಸ್ಟಮಿಬಿಗೆ ಅಥವಾ ಶಸ್ತ್ರಚಿಕಿತ್ಸೆಗೆ ದೂರದ ಊರಿಗೆ ಹೊರಡುವವರು ವರದಿಯ ಹಾಳೆಗಳ ಜೊತೆಗೆ ಸೂಜಿ ಪರೀಕ್ಷೆಯ ಸ್ಲೈಡುಗಳನ್ನು, ಸ್ಕ್ಯಾನಿನ ಸಿಡಿಯನ್ನು, ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಕಟ್ಟಿಕೊಂಡು ಹೋಗಬೇಕು. ಸ್ಲೈಡ್ ಕೈಯಲ್ಲಿದ್ದರೆ ಅಲ್ಲಿನ ಪೆಥಾಲಜಿಸ್ಟರು ಮತ್ತೆ ನೋಡಬಹುದು, ಮತ್ತೆ ಚುಚ್ಚಬೇಕಾಗಿಲ್ಲ.

ಸಿರುಗುಪ್ಪದ ಆ ತಾಯಿಯ ಕತೆಯನ್ನು ಪೂರ್ತಿ ಮಾಡುವುದಾದರೆ, ಅವರ ಪಿಟಿಎಚ್ 148, ವಿಟಮಿನ್ ಡಿ 11, ಅಂದರೆ ಕೊರತೆ. ಬಲಗಡೆಯ ಗಂಟಿನ ಸೂಜಿ ಪರೀಕ್ಷೆ ಬೆಥೆಸ್ಡಾ ಐದನೇ ವರ್ಗ, ಥೈರಾಯ್ಡಿನ ಪ್ಯಾಪಿಲರಿ ಎಂಬ ಬಗೆಯ ಕ್ಯಾನ್ಸರಿನ ಬಲವಾದ ಅನುಮಾನ. ಎಡಗಡೆ ಥೈರಾಯ್ಡಿನ ಕೆಳತುದಿಯ ಹಿಂದೆ ಒಂದೂವರೆ ಸೆಂಟಿಮೀಟರಿನ ಕಪ್ಪು ಅಂಡಾಕಾರ, ಸೆಸ್ಟಮಿಬಿಯಲ್ಲೂ ಅದೇ ಜಾಗದಲ್ಲಿ ಚುಕ್ಕೆ. ಕ್ಯಾಲ್ಸಿಟೋನಿನ್ ಮತ್ತು ಮೆಟಾನೆಫ್ರಿನ್ ಸಹಜ. ಶಸ್ತ್ರಚಿಕಿತ್ಸೆಯ ದಿನ ಕೋಣೆಯಿಂದ ಹೊರಬರುವ ಫಾರ್ಮಲಿನ್ ಬಾಟಲಿಗಳು ಎರಡು, ಚೀಟಿಗಳೂ ಎರಡು: ಒಂದರ ಮೇಲೆ ಥೈರಾಯ್ಡ್, ಇನ್ನೊಂದರ ಮೇಲೆ ಎಡ ಕೆಳಗಿನ ಪ್ಯಾರಾಥೈರಾಯ್ಡ್. ಮಾರನೆಯ ಬೆಳಿಗ್ಗೆಯಿಂದ ಕ್ಯಾಲ್ಸಿಯಂ ನೋಡುತ್ತಿರಬೇಕು, ಏಕೆಂದರೆ ಹಸಿದ ಮೂಳೆಗಳು ರಕ್ತದ ಕ್ಯಾಲ್ಸಿಯಂ ಅನ್ನು ಒಮ್ಮೆಲೇ ಎಳೆದುಕೊಂಡು ಬೆರಳು ಜುಮ್ಮೆನ್ನಬಹುದು. ಆರು ತಿಂಗಳ ನಂತರವೂ ಕ್ಯಾಲ್ಸಿಯಂ ಸಹಜವಾಗಿಯೇ ಉಳಿದಿದ್ದರೆ ಪ್ಯಾರಾಥೈರಾಯ್ಡ್ ಕಾಯಿಲೆ ವಾಸಿಯಾಯಿತೆಂದು ಬರೆಯುತ್ತಾರೆ. ಥೈರಾಯ್ಡಿನ ಫೈಲು ಮಾತ್ರ ಇನ್ನೂ ಹಲವು ವರ್ಷ ತೆರೆದೇ ಇರುತ್ತದೆ.